ದೇವರನ್ನು ನಂಬದವರಿಗೂ ಒಂದು ನೆರೆಕರೆ: ಕೂಟ ಕಟ್ಟುವುದು ಹೇಗೆ

ರಾತ್ರಿ ಹನ್ನೊಂದು ಗಂಟೆಗೆ ನಿಮ್ಮ ಮನೆಯಲ್ಲಿ ಒಂದು ಸಾವಾಯಿತು ಅಂತ ಇಟ್ಟುಕೊಳ್ಳಿ. ಯಾರಿಗೆ ಫೋನ್ ಮಾಡುತ್ತೀರಿ? ಒಂದು ಕಾಗದ ತೆಗೆದುಕೊಂಡು ಹೆಸರು ಬರೆಯಿರಿ. ನೆಂಟರನ್ನು ಬಿಟ್ಟು ಬರೆಯಿರಿ. ಕೂಟ ಕಟ್ಟುವ ಕೆಲಸ ಈ ಕಾಗದದಿಂದಲೇ ಶುರು.

ನಮ್ಮ ಕರಾವಳಿಯಲ್ಲಿ ನಂಬಿಕೆ ಇರುವವರಿಗೆ ಈ ಪಟ್ಟಿ ಹುಟ್ಟುವಾಗಲೇ ಸಿಕ್ಕಿರುತ್ತದೆ. ಇಗರ್ಜಿಗೆ, ಅಂದರೆ ಚರ್ಚಿಗೆ ಹೋಗುವವರಿಗೆ ವಾರ್ಡಿನ ಮನೆಗಳನ್ನು ನೋಡಿಕೊಳ್ಳುವ ಗುರ್ಕಾರರು ಇದ್ದಾರೆ. ಮಸೀದಿಗೆ ಹೋಗುವವರಿಗೆ ಜಮಾತ್ ಇದೆ. ಭಜನಾ ಮಂದಿರದ ಹುಡುಗರು ಯಾರೂ ಹೇಳದೆಯೇ ಬಂದು ಅಂಗಳಕ್ಕೆ ಶಾಮಿಯಾನ ಹಾಕಿ, ಕುರ್ಚಿ ಇಳಿಸಿ, ಚಾ ಕಾಯಿಸಿ ಕೊಡುತ್ತಾರೆ. ಇದನ್ನೆಲ್ಲ ಬಿಟ್ಟು ಹೊರಗೆ ಬಂದವರಿಗೆ ಏನಿದೆ?

ಕೆಲವು ವರ್ಷಗಳ ಹಿಂದೆ ಸುರತ್ಕಲ್ ಕಡೆಯ ನನ್ನ ಗೆಳೆಯನೊಬ್ಬನ ಅಪ್ಪ ತೀರಿಕೊಂಡರು. ನಿವೃತ್ತ ಮೇಷ್ಟ್ರು. ಬೊಜ್ಜ (ಉತ್ತರಕ್ರಿಯೆ) ಬೇಡ, ಪಿಂಡ ಬೇಡ, ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಿ ಅಂತ ಬರೆದಿಟ್ಟಿದ್ದರು. ನೆರೆಯವರು ಬಂದರು. ಒಳ್ಳೆಯ ಜನರೇ. "ಭಟ್ರಿಗೆ ಹೇಳಿದ್ರಾ?" ಅಂತ ಕೇಳಿದರು, ಇಲ್ಲ ಅಂದಾಗ ಮುಂದೇನು ಮಾಡಬೇಕು ಅಂತ ತಿಳಿಯದೆ ಅಂಗಳದಲ್ಲೇ ನಿಂತರು. ಅವರಿಗೆ ಏನಾದರೂ ಕೆಲಸ ಮಾಡಬೇಕು ಅಂತಿತ್ತು, ನಮಗೆ ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. ಒಳಗೆ ಮಂಚದ ಪಕ್ಕ ಗೆಳೆಯನ ಅಮ್ಮ ಮೇಷ್ಟ್ರ ಕನ್ನಡಕವನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಒರೆಸಿ ಕೆಳಗಿಡುವುದು, ಮತ್ತೆ ತೆಗೆದು ಒರೆಸುವುದು. ಅವರ ಹತ್ತಿರ ಹೋಗಿ ಕೂರುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಆ ರಾತ್ರಿ ಆದ ಮೇಲೆಯೇ ನಾವು ಕೂಟ ಶುರು ಮಾಡಿದ್ದು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ದೇವರಿದ್ದಾನೋ ಇಲ್ಲವೋ ಅಂತ ವಾದ ಮಾಡುವ ವೇದಿಕೆ ಬೇಕಿದ್ದರೆ ಅದಕ್ಕೆ ನಮ್ಮಲ್ಲಿ ಒಳ್ಳೆಯ ಪರಂಪರೆಯೇ ಇದೆ. ದಕ್ಷಿಣ ಕನ್ನಡ ವಿಚಾರವಾದಿ ಸಂಘ 1976ರಷ್ಟು ಹಳೆಯದು. ಮಂಗಳೂರಿನ ನರೇಂದ್ರ ನಾಯಕರು ಶಾಲೆ, ಹಳ್ಳಿಗಳಿಗೆ ಹೋಗಿ ಪವಾಡಗಳ ಹಿಂದಿನ ಕೈಚಳಕವನ್ನು ಮಾಡಿ ತೋರಿಸಿದವರು. ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲೇ ಸೈನ್ಸ್ ಫೋರಂ ಕಟ್ಟಿದರು. ಆ ಕೆಲಸ ದೊಡ್ಡದು. ನಾನು ಹೇಳುತ್ತಿರುವುದು ಬೇರೆ: ತಿಂಗಳಿಗೆ ಎರಡು ಸಲ ಸೇರಿ, ಒಟ್ಟಿಗೆ ಹಾಡಿ, ಚಾ ಕುಡಿದು, ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಬರುವಂಥ ಕೂಟ. ಹೊರಗೆ ಇದಕ್ಕೆ ಮಾದರಿಗಳಿವೆ. ಗೋರಾ ಮತ್ತು ಸರಸ್ವತಿ ಗೋರಾ ದಂಪತಿ 1940ರಲ್ಲಿ ಆಂಧ್ರದ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿ, 1947ರಲ್ಲಿ ವಿಜಯವಾಡಕ್ಕೆ ತಂದರು. ಸಹಭೋಜನ, ಜಾತಿ ಮೀರಿದ ಮದುವೆ, ಊರಿನ ಸೇವೆ ಎಲ್ಲ ಅಲ್ಲಿತ್ತು. ಲಂಡನ್ನಿನಲ್ಲಿ 2013ರ ಜನವರಿಯಲ್ಲಿ ಸ್ಯಾಂಡರ್ಸನ್ ಜೋನ್ಸ್ ಮತ್ತು ಪಿಪ್ಪಾ ಇವಾನ್ಸ್ ಎಂಬ ಇಬ್ಬರು ಹಾಸ್ಯ ಕಲಾವಿದರು ಪೂಜೆ ನಿಂತುಹೋದ ಒಂದು ಚರ್ಚಿನಲ್ಲಿ ಸಂಡೇ ಅಸೆಂಬ್ಲಿ ಶುರು ಮಾಡಿದರು. ಹಾಡು, ಒಂದು ಭಾಷಣ, ಸ್ವಲ್ಪ ಮೌನ, ಆಮೇಲೆ ಚಾ. ಬೇಗ ಬೇರೆ ದೇಶಗಳಿಗೂ ಹಬ್ಬಿತು, ಆಮೇಲೆ ಎಷ್ಟೋ ಊರುಗಳಲ್ಲಿ ನಿಂತೂ ಹೋಯಿತು. ನಡೆಸುವ ಸ್ವಯಂಸೇವಕರು ಸುಸ್ತಾಗಿಬಿಡುವುದು ಇಂಥ ಕೂಟಗಳ ದೊಡ್ಡ ಕಷ್ಟ. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಐದು ಜನ

ಪೋಸ್ಟರ್ ಬೇಡ, ದೊಡ್ಡ ವಾಟ್ಸಾಪ್ ಗುಂಪೂ ಬೇಡ. ಐದು ಜನರನ್ನು ಹುಡುಕಿ. ಒಬ್ಬೊಬ್ಬರನ್ನೇ ಹೋಟೆಲಿಗೆ ಕರೆದು ಚಾ ಕುಡಿಯುತ್ತಾ ಮಾತಾಡಿ. ಎಲ್ಲಿ ಸಿಗುತ್ತಾರೆ ಅಂತೀರಾ? ಧರ್ಮ ಬೇರೆ ಬೇರೆಯಾದ ಗಂಡ ಹೆಂಡತಿ, ಎರಡೂ ಕಡೆಯ ಹಬ್ಬಕ್ಕೆ ಕರೆ ಬಾರದೆ ಮನೆಯಲ್ಲೇ ಉಳಿದವರು, ನಿಮ್ಮ ಬೀದಿಯಲ್ಲೇ ಇರಬಹುದು. ನಿವೃತ್ತ ಬ್ಯಾಂಕ್ ನೌಕರರು, ವಿಜ್ಞಾನದ ಮೇಷ್ಟ್ರುಗಳು, ಹಳೆಯ ಬೀಡಿ ಯೂನಿಯನ್ನಿನವರು, ಮಣಿಪಾಲ, ಸುರತ್ಕಲ್, ದೇರಳಕಟ್ಟೆಯಲ್ಲಿ ಓದಲು ಬಂದ ಮಕ್ಕಳು. 2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 29 ಲಕ್ಷ ಜನರ ಧರ್ಮದ ಕಾಲಂ ಖಾಲಿ ಉಳಿದಿತ್ತು. ಅವರೆಲ್ಲ ನಾಸ್ತಿಕರು ಅಂತಲ್ಲ. ಆದರೆ ನಿಮಗನಿಸಿದಷ್ಟು ಒಂಟಿ ನೀವಲ್ಲ.

"ದೇವರನ್ನು ನಂಬ್ತೀರಾ?" ಅಂತ ಕೇಳಬೇಡಿ. "ನಿಮಗೆ ಏನು ಬೇಕಿತ್ತು, ಏನು ಸಿಗ್ತಾ ಇಲ್ಲ?" ಅಂತ ಕೇಳಿ. ಉತ್ತರವನ್ನು ಬರೆದಿಟ್ಟುಕೊಳ್ಳಿ, ಕೂಟದ ಕಾರ್ಯಕ್ರಮ ಅದರಿಂದಲೇ ಹುಟ್ಟುತ್ತದೆ. ಒಬ್ಬ ಹುಡುಗಿ ನಮಗೆ ಹೇಳಿದ್ದು, "ನಂಗೆ ಕ್ವಾಯರ್‌ನಲ್ಲಿ ಹಾಡೋದು ತುಂಬಾ ನೆನಪಾಗ್ತದೆ, ಅಷ್ಟೇ."

ಐದೂ ಜನ ಒಂದೇ ಜಾತಿಯವರಾದರೆ, ಅಥವಾ ಐದೂ ಜನ ಅರವತ್ತು ದಾಟಿದ ಗಂಡಸರಾದರೆ, ದಯವಿಟ್ಟು ಅಲ್ಲೇ ನಿಲ್ಲಿಸಿ ಇನ್ನೂ ಸ್ವಲ್ಪ ಹುಡುಕಿ. ಮೊದಲ ದಿನ ಯಾರು ಇರುತ್ತಾರೋ ಅವರಂಥವರೇ ಆಮೇಲೆ ಬರುವುದು. ಇದನ್ನು ಆಮೇಲೆ ಸರಿ ಮಾಡುವುದು ಬಹಳ ಕಷ್ಟ.

ಹೆಸರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 'ನಾಸ್ತಿಕ' ಅನ್ನುವ ಮಾತನ್ನು ಹೆಸರಿನಲ್ಲಿ ಇಟ್ಟರೆ ಮನೆಯಲ್ಲಿ ಹೇಳಿ ಬರಲಾಗದವರು ಹೊರಗೇ ಉಳಿಯುತ್ತಾರೆ. ನಾವು ಭಾನುವಾರದ ಕೂಟ ಅನ್ನುತ್ತೇವೆ. ಭಾಷೆಯೂ ಅಷ್ಟೇ. ಒಬ್ಬರು ತುಳುವಿನಲ್ಲಿ ಶುರು ಮಾಡಿದರೆ ಇನ್ನೊಬ್ಬರು ಕೊಂಕಣಿಯಲ್ಲಿ ತಮಾಷೆ ಮಾಡುತ್ತಾರೆ, ಬ್ಯಾರಿ ಭಾಷೆಯ ಅಜ್ಜಿ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಹಾಗೇ ಇರಲಿ. ಯಾರಿಗಾದರೂ ಅರ್ಥವಾಗದಿದ್ದರೆ ಪಕ್ಕದವರು ಹೇಳಿದರೆ ಆಯಿತು.

ಯಾವಾಗ, ಎಲ್ಲಿ

ಪತ್ತನಾಜೆ ಕಳೆದ ಮೇಲೆ ಶುರು ಮಾಡಿ. ಅಂದರೆ ಮೇ ಕೊನೆಯ ವಾರದ ನಂತರ. ಅದಕ್ಕಿಂತ ಮೊದಲು ನಮ್ಮೂರಲ್ಲಿ ಯಾರಿಗೆ ಭಾನುವಾರ ಬಿಡುವಿದೆ? ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ಭೂತದ ನೇಮ, ಯಕ್ಷಗಾನದ ಆಟ. ನಂಬದವರಿಗೂ ಹೋಗದಿದ್ದರೆ ಆಗುವುದಿಲ್ಲ, ನೆಂಟಸ್ತನ ಅಲ್ವಾ. ಮಳೆ ಹಿಡಿದ ಮೇಲೆ ಕೋಲ, ಬಯಲಾಟ ನಿಲ್ಲುತ್ತವೆ, ಆಟಿ ತಿಂಗಳಲ್ಲಿ ಶುಭಕಾರ್ಯವೂ ಇಲ್ಲ. ಜನ ಮನೆಯಲ್ಲೇ ಇರುತ್ತಾರೆ, ಬೇಜಾರೂ ಆಗಿರುತ್ತದೆ. ಜೂನ್‌ನಿಂದ ನಾಲ್ಕು ತಿಂಗಳು ಬಿಡದೆ ನಡೆಸಿದರೆ ದೀಪಾವಳಿಯ ಹೊತ್ತಿಗೆ ಕೂಟಕ್ಕೆ ಬೇರು ಬಂದಿರುತ್ತದೆ.

ಸಮಯ ಸಂಜೆ ನಾಲ್ಕರಿಂದ ಆರು. ಬೆಳಿಗ್ಗೆ ಇಟ್ಟರೆ ಅಡುಗೆಮನೆಯಲ್ಲಿರುವವರು ಬರುವುದಿಲ್ಲ, ಪೂಜೆಗೆ ಹೋಗುವ ಮನೆಯವರನ್ನು ಇಗರ್ಜಿಗೆ ಬಿಟ್ಟು ಬರಬೇಕಾದವರೂ ಬರುವುದಿಲ್ಲ. ಆರಕ್ಕೆ ಮುಗಿಸಲೇಬೇಕು. ಮೂಲ್ಕಿ, ಬಿ.ಸಿ.ರೋಡ್ ಕಡೆಗೆ ಬಸ್ ಹಿಡಿಯುವ ಹೆಂಗಸರು ಗಡಿಯಾರ ನೋಡುತ್ತಾ ಕೂರುವಂತೆ ಆಗಬಾರದು.

ಮಳೆಗಾಲದಲ್ಲಿ ತಲೆಯ ಮೇಲೆ ಮಾಡು ಬೇಕು. ಭಾನುವಾರ ಖಾಲಿ ಇರುವ ಶಾಲೆಯ ಕೋಣೆ, ಟ್ಯೂಷನ್ ಸೆಂಟರ್, ಯೂನಿಯನ್ ಆಫೀಸು, ನೃತ್ಯ ಕಲಿಸುವ ಹಾಲ್ ಕೇಳಿ ನೋಡಿ. ಏನು ಕೂಟ ಅಂತ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸುಳ್ಳು ಹೇಳಿ ಪಡೆದ ಜಾಗ ಯಾವತ್ತಾದರೂ ಕೈಬಿಡುತ್ತದೆ. ನಮಗೆ ಎರಡು ಕಡೆ ಇಲ್ಲ ಅಂದರು, ಮೂರನೆಯ ಕಡೆ ಕೊಟ್ಟರು, ಕೊಟ್ಟವರು ದಿನಾ ದೇವಸ್ಥಾನಕ್ಕೆ ಹೋಗುವವರು. ಮೆಟ್ಟಿಲು ಜಾಸ್ತಿ ಇರುವ ಜಾಗ ಬೇಡ.

ಮಳೆ ಬಿಟ್ಟ ಮೇಲೆ ಕದ್ರಿ ಪಾರ್ಕ್, ಲೈಟ್‌ಹೌಸ್ ಹಿಲ್‌ನ ಟಾಗೋರ್ ಪಾರ್ಕ್, ಉಡುಪಿಯಲ್ಲಾದರೆ ಅಜ್ಜರಕಾಡಿನ ಭುಜಂಗ ಪಾರ್ಕ್. ಹತ್ತು ಹದಿನೈದು ಜನ ಕೂತು ಮಾತಾಡುವುದಕ್ಕೆ ತೊಂದರೆ ಇಲ್ಲ. ಬಯಲಿನಲ್ಲಿ ಮೈಕ್ ಇಡುವುದಾದರೆ ಮಾತ್ರ ಪೊಲೀಸರ ಅನುಮತಿ ತೆಗೆದುಕೊಳ್ಳಬೇಕು. ಒಂದು ವಿಷಯ ನೆನಪಿಡಿ. ಊರಿನಲ್ಲಿ ಗಲಾಟೆಯಾಗಿ ನಿಷೇಧಾಜ್ಞೆ ಇದ್ದರೆ ಅವತ್ತು ಕೂಟ ಬೇಡ. ಹಿಂದೆ 144 ಅನ್ನುತ್ತಿದ್ದದ್ದು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ.

ಮೊದಲ ದಿನ

ನಮ್ಮ ಮೊದಲ ಕೂಟಕ್ಕೆ ಇಪ್ಪತ್ತಮೂರು ಜನ ಬಂದರು. ಒಬ್ಬ ಹಿರಿಯರು ದೇವರು ಯಾಕೆ ಇಲ್ಲ ಅಂತ ಒಂದೂಕಾಲು ಗಂಟೆ ಮಾತಾಡಿದರು. ಅಲ್ಲಿದ್ದ ಯಾರಿಗೂ ಅದನ್ನು ಹೇಳಿಕೊಡುವ ಅಗತ್ಯ ಇರಲಿಲ್ಲ. ಆಮೇಲೆ ಇನ್ನಿಬ್ಬರು ಎದ್ದು ವಾದಕ್ಕೆ ನಿಂತರು. ಎರಡನೇ ಕೂಟಕ್ಕೆ ಬಂದದ್ದು ಒಂಬತ್ತು ಜನ, ಅದರಲ್ಲಿ ಹೆಂಗಸರು ಇಬ್ಬರು.

ಅಲ್ಲಿಂದ ಕ್ರಮ ಬದಲಾಯಿಸಿದೆವು, ಈಗಲೂ ಅದೇ ಇದೆ. ಕುರ್ಚಿಗಳನ್ನು ಸುತ್ತ ಇಡಿ, ವೇದಿಕೆ ಬೇಡ. ಮೊದಲು ಒಂದು ಹಾಡು, ಎಲ್ಲರೂ ಸೇರಿ. ಭಾವಗೀತೆ ಆಗಬಹುದು, ಗದ್ದೆಯಲ್ಲಿ ಹೇಳುವ ಕಬಿತ ಆಗಬಹುದು. ಹಾಡಲು ಬರುವುದಿಲ್ಲ ಅಂತ ನಾಚಿಕೊಳ್ಳುವವರು ಚಪ್ಪಾಳೆ ತಟ್ಟಲಿ. ಹಾಡನ್ನು ಮಾತ್ರ ಬಿಡಬೇಡಿ, ಭಜನೆಯ ಶಕ್ತಿ ಇರುವುದೇ ಹತ್ತು ಗಂಟಲು ಒಂದಾಗುವುದರಲ್ಲಿ, ಅದು ನಮಗೂ ಬೇಕು. ಆಮೇಲೆ ಇಪ್ಪತ್ತು ನಿಮಿಷ ಒಬ್ಬರು ತಮಗೆ ಗೊತ್ತಿರುವ ಒಂದು ವಿಷಯ ಹೇಳುತ್ತಾರೆ. ಲೈನ್‌ಮನ್ ಒಬ್ಬರು ಮಳೆಗಾಲದಲ್ಲಿ ಕರೆಂಟ್ ಯಾಕೆ ಹೋಗುತ್ತದೆ ಅಂತ ಹೇಳಿದ್ದು ನಮ್ಮಲ್ಲಿ ಎಲ್ಲರಿಗೂ ಇಷ್ಟವಾದ ದಿನ. ಇಪ್ಪತ್ತು ನಿಮಿಷ ಅಂದರೆ ಇಪ್ಪತ್ತೇ. ಮೇಜಿನ ಮೇಲೆ ಗಡಿಯಾರ ಇಡಿ.

ಅದಾದ ಮೇಲೆ ಕಷ್ಟ ಸುಖದ ಸುತ್ತು. ಒಬ್ಬೊಬ್ಬರೇ, ಇಷ್ಟ ಇದ್ದರೆ, ಈ ಹದಿನೈದು ದಿನದಲ್ಲಿ ಏನಾಯಿತು ಅಂತ ಹೇಳುವುದು. ಯಾರೂ ಸಲಹೆ ಕೊಡಬಾರದು, ನಡುವೆ ಬಾಯಿ ಹಾಕಬಾರದು. ಮೊದಲ ಎರಡು ಸಲ ಎಲ್ಲರೂ "ಎಲ್ಲ ಆರಾಮ" ಅನ್ನುತ್ತಾರೆ. ಮೂರನೇ ಸಲ ಯಾರೋ ಒಬ್ಬರು ತಂಗಿಯ ಡಯಾಲಿಸಿಸ್ ಬಗ್ಗೆ ಹೇಳುತ್ತಾರೆ. ಅವತ್ತಿನಿಂದ ಅದು ಬರೀ ಸಭೆ ಆಗಿ ಉಳಿಯುವುದಿಲ್ಲ. ಎರಡು ನಿಮಿಷ ಮೌನ, ಆಮೇಲೆ ಚಾ. ಸಜ್ಜಿಗೆ ಬಜಿಲ್, ಬನ್ಸ್, ಗೋಳಿಬಜೆ, ಏನಾದರೂ ಆಯಿತು. ಮಾಡಿ ತರುವ ಕೆಲಸ ಗಂಡಸರ ಪಾಲಿಗೂ ಬರಲಿ, ಲೋಟ ತೊಳೆಯುವುದೂ.

ಒಂದು ನಿಯಮ ಕಟ್ಟುನಿಟ್ಟಾಗಿರಲಿ: ಯಾರ ದೇವರನ್ನೂ ಕೂಟದಲ್ಲಿ ಹೀಯಾಳಿಸಬಾರದು. ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತಂದರೆ ಕೇಸು ಆಗುತ್ತದೆ, ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಅದು ಒಂದು ಕಾರಣ. ದೊಡ್ಡ ಕಾರಣ ಬೇರೆ ಇದೆ. ಆ ಮೇಷ್ಟ್ರ ಹೆಂಡತಿ ಈಗ ನಮ್ಮ ಕೂಟಕ್ಕೆ ತಪ್ಪದೆ ಬರುತ್ತಾರೆ. ಮನೆಯಲ್ಲಿ ಸಂಜೆ ದೀಪ ಹಚ್ಚುತ್ತಾರೆ, ತುಳಸಿಕಟ್ಟೆಗೆ ನೀರು ಹಾಕುತ್ತಾರೆ. ಗಂಡ ಏನು ನಂಬಿದ್ದರೋ ಅದರ ಜೊತೆ ನಲವತ್ತು ವರ್ಷ ಬದುಕಿದವರು. ಅವರ ಎದುರು ಯಾರಾದರೂ ದೀಪ ಹಚ್ಚುವವರನ್ನು ಮೂಢರು ಅಂದರೆ ನನಗೆ ಸಹಿಸಲು ಆಗುವುದಿಲ್ಲ. ಮಾಟ, ಮಂತ್ರದ ಹೆಸರಿನಲ್ಲಿ ಮೋಸ, ಹಿಂಸೆ ನಡೆದರೆ ಅದನ್ನು ಗಟ್ಟಿಯಾಗಿ ಪ್ರಶ್ನಿಸಿ, ಅದಕ್ಕೆ ರಾಜ್ಯದಲ್ಲಿ 2017ರ ಕಾಯ್ದೆಯೇ ಇದೆ. ಎರಡೂ ಬೇರೆ ಬೇರೆ.

ಫೋಟೋ ತೆಗೆಯುವ ಮೊದಲು ಎಲ್ಲರನ್ನೂ ಕೇಳಿ. ನಮ್ಮಲ್ಲಿ ಫೋಟೋ ಇಲ್ಲವೇ ಇಲ್ಲ. 2013ರಲ್ಲಿ ಪುಣೆಯಲ್ಲಿ ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್, 2015ರಲ್ಲಿ ಧಾರವಾಡದಲ್ಲಿ ವಿದ್ವಾಂಸ ಎಂ. ಎಂ. ಕಲಬುರ್ಗಿ ಅವರ ಕೊಲೆಯಾದ ಮೇಲೆ ಮನೆಯವರು ಹೆದರುವುದು ಸಹಜ. ಇನ್ನು ಕಾಲೇಜಿನ ಹುಡುಗಿಗೆ ಮನೆಯಲ್ಲಿ ಬಯ್ಗುಳ, ಬಾಡಿಗೆದಾರರಿಗೆ ಮನೆ ಖಾಲಿ ಮಾಡಿ ಅನ್ನುವ ಮಾತು, ಇವು ದಿನನಿತ್ಯದ ಭಯಗಳು. ಯಾರು ಎಷ್ಟು ಬಹಿರಂಗವಾಗಿ ಇರಬೇಕು ಅನ್ನುವುದು ಅವರವರಿಗೆ ಬಿಟ್ಟದ್ದು.

ಕಷ್ಟಕ್ಕೆ ಆಗುವವರ ಪಟ್ಟಿ

ಮೂರನೇ ಅಥವಾ ನಾಲ್ಕನೇ ಕೂಟದಲ್ಲಿ ಒಂದು ನೋಟ್‌ಬುಕ್ ಸುತ್ತು ಹಾಕಿಸಿ. ಹೆಸರು, ಫೋನ್, ರಕ್ತದ ಗುಂಪು, ಗಾಡಿ ಇದೆಯೇ, ರಾತ್ರಿ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಕೂರಲು ಆಗುತ್ತದೆಯೇ, ಊಟ ಮಾಡಿ ಕಳಿಸಲು ಆಗುತ್ತದೆಯೇ. ಆಗದವರು ಆಗುವುದಿಲ್ಲ ಅಂತ ಬರೆಯಲಿ, ಬೇಸರ ಬೇಡ. ಊರನ್ನು ಮೂರು ನಾಲ್ಕು ಭಾಗ ಮಾಡಿ, ಪ್ರತಿ ಭಾಗಕ್ಕೆ ಒಬ್ಬರು. ಗುರ್ಕಾರರ ಪದ್ಧತಿಯನ್ನೇ ನಾವು ತೆಗೆದುಕೊಂಡದ್ದು, ಅದಕ್ಕಿಂತ ಒಳ್ಳೆಯದು ನಮಗೆ ಸಿಗಲಿಲ್ಲ. ಕಂಕನಾಡಿಯ ಕಡೆ ಯಾರಾದರೂ ಆಸ್ಪತ್ರೆಗೆ ಸೇರಿದರೆ ಅಲ್ಲಿಯವರಿಗೆ ಮೊದಲು ಗೊತ್ತಾಗಬೇಕು, ಅವರು ಉಳಿದವರಿಗೆ ಹೇಳಬೇಕು.

ಸಾವಿಗೆ ತಯಾರಿ

ಇದನ್ನು ಮುಂದೂಡಬೇಡಿ. ಒಂದು ಇಡೀ ಕೂಟವನ್ನು ಇದಕ್ಕೇ ಇಡಿ.

ದೇಹದಾನ ಮಾಡುವ ಆಸೆ ಇರುವವರು ಮೊದಲೇ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋಗಿ ಅರ್ಜಿ ತುಂಬಬೇಕು. ಮಂಗಳೂರು, ಮಣಿಪಾಲದಲ್ಲಿ ಇಂಥ ಕಾಲೇಜುಗಳಿಗೆ ಕೊರತೆ ಇಲ್ಲ. ಆದರೆ ಬಹಳ ಜನರಿಗೆ ಗೊತ್ತಿಲ್ಲದ ಮಾತೊಂದಿದೆ: ನೀವು ಸಹಿ ಹಾಕಿದ್ದರೂ ಕೊನೆಗೆ ಕೊಡುವುದು, ಬಿಡುವುದು ಮನೆಯವರ ಕೈಯಲ್ಲಿ. ಮಗ ಬೇಡ ಅಂದರೆ ಮುಗಿಯಿತು. ಅದಕ್ಕೇ ಮನೆಯವರನ್ನು ಕೂರಿಸಿಕೊಂಡು ಮಾತಾಡಬೇಕು, ಅವರಿಗೆ ಒಪ್ಪಿಗೆ ಆಗುವ ತನಕ. ಅಪಘಾತ, ಆತ್ಮಹತ್ಯೆಯಂಥ ಪೊಲೀಸ್ ಕೇಸಾಗಿ ಪೋಸ್ಟ್‌ಮಾರ್ಟಂ ಆದ ದೇಹವನ್ನು, ಕೆಲವು ಸೋಂಕು ಇದ್ದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಎರಡನೇ ದಾರಿಯನ್ನೂ ಬರೆದಿಡಿ.

ಮನೆಯಲ್ಲೇ ಸಾವಾದರೆ ವೈದ್ಯರ ಸರ್ಟಿಫಿಕೇಟ್ ಬೇಕು. ರಾತ್ರಿ ಬಂದು ನೋಡುವ ಒಬ್ಬ ಡಾಕ್ಟರನ್ನು ಮೊದಲೇ ಮಾತಾಡಿಸಿ ಇಟ್ಟುಕೊಳ್ಳಿ. ಮೇಷ್ಟ್ರು ಹೋದ ದಿನ ನಮಗೆ ಮೂರು ಗಂಟೆ ಹೋದದ್ದು ಇದಕ್ಕೇ. ಕಣ್ಣುದಾನಕ್ಕೆ ಸಾವಾದ ಆರು ಗಂಟೆಗಳೊಳಗೆ ಕಣ್ಣಿನ ಬ್ಯಾಂಕಿನವರು ಬರಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡಿ. ಅಂಗಳದಲ್ಲಿ ಏನು ಮಾಡಲಿ ಅಂತ ನಿಂತ ನೆರೆಯವರಿಗೆ ಈ ಕೆಲಸಗಳನ್ನೇ ಹಂಚಬಹುದು.

ದಹನವಾದರೆ ಮಂಗಳೂರಿನ ಬೋಳೂರು, ನಂದಿಗುಡ್ಡೆ, ಉಡುಪಿಯ ಬೀಡಿನಗುಡ್ಡೆ ಸ್ಮಶಾನಗಳಿವೆ, ಹೇಗೆ ಬುಕ್ ಮಾಡುವುದು ಅಂತ ಒಮ್ಮೆ ಹೋಗಿ ಕೇಳಿ ಬನ್ನಿ. ಇಗರ್ಜಿ, ಮಸೀದಿ ಬಿಟ್ಟವರ ಕಷ್ಟ ಬೇರೆ, ಅಲ್ಲಿ ದಫನದ ಜಾಗವೇ ಸಮುದಾಯದ್ದು. ತಮಗೆ ಏನಾಗಬೇಕು ಅಂತ ಅವರು ಬರೆದು, ಕೂಟದ ಇಬ್ಬರ ಕೈಯಲ್ಲಿ ಒಂದೊಂದು ಪ್ರತಿ ಕೊಡಲಿ. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು. ಬೊಜ್ಜದ ಜಾಗದಲ್ಲಿ ಒಂದು ನುಡಿನಮನ ಇಟ್ಟುಕೊಳ್ಳಿ, ಅದರಲ್ಲಿ ಊಟ ಇರಲಿ. ಸತ್ತವರ ಮನೆಯಲ್ಲಿ ಜನ ಪಂಕ್ತಿಯಲ್ಲಿ ಕೂತು ಉಣ್ಣುವುದರಲ್ಲಿ ಒಂದು ಸಮಾಧಾನ ಇದೆ, ಅದನ್ನು ನಾವು ಯಾಕೆ ಬಿಡಬೇಕು?

ಮದುವೆ, ಮಕ್ಕಳು

ಪುರೋಹಿತರಿಲ್ಲದ ಸರಳ ಮದುವೆ ಕನ್ನಡಕ್ಕೆ ಹೊಸದಲ್ಲ, ಕುವೆಂಪು ಅವರ ಮಂತ್ರ ಮಾಂಗಲ್ಯ ಎಲ್ಲರಿಗೂ ಗೊತ್ತು. ಸಮಾರಂಭ ಹೇಗೇ ಇರಲಿ, 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಮಾಡಿಸುವುದನ್ನು ಮರೆಯಬೇಡಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ನೋಟಿಸ್ ಕೊಟ್ಟ ಮೇಲೆ ಇನ್ನೂ 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಅಂಟಿಸುತ್ತಾರೆ, ಯಾರು ಬೇಕಾದರೂ ನೋಡಬಹುದು. ಬೇರೆ ಬೇರೆ ಧರ್ಮದ ಜೋಡಿಗೆ ಆ ಒಂದು ತಿಂಗಳು ಎಷ್ಟು ಉದ್ದ ಅಂತ ಹತ್ತಿರದಿಂದ ನೋಡಿದವರಿಗೇ ಗೊತ್ತು. ಕೂಟದಿಂದ ಮೂವರು ಸಾಕ್ಷಿಗಳು ಮಾತ್ರ ಅಲ್ಲ, ಆ ತಿಂಗಳು ಪೂರ್ತಿ ದಿನಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುವ ಒಬ್ಬರು, ಗೊತ್ತಿರುವ ಒಬ್ಬ ವಕೀಲರು ಇರಲಿ.

ಮಕ್ಕಳನ್ನು ಮೂಲೆಯಲ್ಲಿ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಬೇಡಿ. ಪಿಲಿಕುಳದ ವಿಜ್ಞಾನ ಕೇಂದ್ರ, ತಾರಾಲಯಕ್ಕೆ ಒಟ್ಟಿಗೆ ಹೋಗಿ. ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮೂರಿಗೆ ಶೂನ್ಯ ನೆರಳಿನ ದಿನ ಬರುತ್ತದೆ, ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಅಂಗಳದಲ್ಲಿ ಒಂದು ಪಿವಿಸಿ ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸಿದ್ದೆವು. ನೆರಳು ಸಣ್ಣದಾಗುತ್ತಾ ಬಂದು ಪೈಪಿನ ಅಡಿಗೆ ಸೇರಿಹೋಯಿತು. ಏಳು ವರ್ಷದ ಹುಡುಗಿಯೊಬ್ಬಳು ನೆಲಕ್ಕೆ ಕೆನ್ನೆ ಒತ್ತಿ ಮಲಗಿ, ಪೈಪಿನ ಸುತ್ತ ಬೆರಳಾಡಿಸಿ, ನೆರಳು ಎಲ್ಲಿ ಹೋಯಿತು ಅಂತ ಹುಡುಕಿದಳು. ನಮ್ಮ ಹಬ್ಬಗಳಲ್ಲಿ ಇದೂ ಒಂದು. ಅವತ್ತು ಪಾಯಸ ಮಾಡುತ್ತೇವೆ.

ದುಡ್ಡು ಮತ್ತು ನೋಂದಣಿ

ಮೊದಲ ವರ್ಷ ನೋಂದಣಿ ಬೇಡ. ಒಂದು ಡಬ್ಬಿ, ಒಂದು ಲೆಕ್ಕದ ಪುಸ್ತಕ, ಇಬ್ಬರ ಸಹಿ. ಪ್ರತಿ ಕೂಟದ ಕೊನೆಗೆ ಲೆಕ್ಕವನ್ನು ಜೋರಾಗಿ ಓದಿ. ಬ್ಯಾಂಕ್ ಖಾತೆ ಬೇಕು ಅನಿಸಿದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ ಮಾಡಿ. ಕನಿಷ್ಠ ಏಳು ಸದಸ್ಯರು, ಉದ್ದೇಶ ಪತ್ರ, ಬೈಲಾ. ಆದರೆ ಆಮೇಲೆ ವರ್ಷ ವರ್ಷ ಮಹಾಸಭೆ, ಲೆಕ್ಕಪತ್ರ ಸಲ್ಲಿಕೆ ಎಲ್ಲ ಇದೆ. ಅದನ್ನು ತಾಳ್ಮೆಯಿಂದ ಮಾಡುವ ಒಬ್ಬರು ಸಿಗುವ ತನಕ ಕೈ ಹಾಕಬೇಡಿ.

ಗಲ್ಫ್‌ನಲ್ಲಿರುವ ನಮ್ಮವರು ದುಡ್ಡು ಕಳಿಸುತ್ತೇವೆ ಅನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ಮಾತ್ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ದೊಡ್ಡ ಮೊತ್ತ ಯಾರೇ ಕೊಟ್ಟರೂ ಎರಡು ಸಲ ಯೋಚಿಸಿ. ತಿಂಗಳಿಗೆ ಐವತ್ತು ರೂಪಾಯಿ ಕೊಡುವ ಮೂವತ್ತು ಜನ ಇದ್ದರೆ ಸಾಕು, ಕೂಟ ಯಾರದ್ದೂ ಆಗುವುದಿಲ್ಲ, ಎಲ್ಲರದ್ದೂ ಆಗಿರುತ್ತದೆ.

ಇನ್ನು ಆ ಸುಸ್ತಿನ ವಿಷಯ. ಹಾಲ್‌ನ ಬೀಗದ ಕೀಲಿ, ಫೋನ್ ಪಟ್ಟಿ, ದುಡ್ಡಿನ ಡಬ್ಬಿ ಮೂರೂ ಒಬ್ಬರ ಹತ್ತಿರವೇ ಇದ್ದರೆ ಆ ಒಬ್ಬರಿಗೆ ಜ್ವರ ಬಂದ ದಿನ ಕೂಟ ಇಲ್ಲ. ಮೂರು ಕೆಲಸ ಮೂವರಿಗೆ ಕೊಡಿ, ಆರು ತಿಂಗಳಿಗೆ ಬದಲಾಯಿಸಿ. ಶುರು ಮಾಡಿದವರು ಒಂದು ವರ್ಷವಾದ ಮೇಲೆ ಎರಡು ಕೂಟಕ್ಕೆ ಬೇಕೆಂದೇ ಹೋಗದೆ ಮನೆಯಲ್ಲಿರಿ. ಕಷ್ಟ ಅನಿಸುತ್ತದೆ, ನನಗೂ ಅನಿಸಿತ್ತು. ಅವತ್ತು ಕೂಟ ನಡೆಯದಿದ್ದರೆ ಎಲ್ಲಿ ಸರಿ ಮಾಡಬೇಕು ಅಂತ ಗೊತ್ತಾಗುತ್ತದೆ.

ಮೊದಲ ಕೂಟ ಮುಗಿದ ಮರುದಿನ ಬಂದವರಿಗೆಲ್ಲ ಫೋನ್ ಮಾಡಿ. ಮೆಸೇಜ್ ಸಾಲದು. ಬರುತ್ತೇನೆ ಅಂತ ಹೇಳಿ ಬಾರದವರಿಗೆ ಮೊದಲು ಮಾಡಿ. ಯಾಕೆ ಬರಲಿಲ್ಲ ಅಂತ ಕೇಳಬೇಡಿ, ಹೇಗಿದ್ದೀರಿ ಅಂತ ಕೇಳಿ.